ಪತ್ರಿಕೆಗೆ ಯಾವ ಬರಹ ಕಳಿಸೋದು? ಫ್ರೀಲಾನ್ಸ್ ಕೆಲಸಕ್ಕೆ ಮಾದರಿ ಆರಿಸುವ ಬಗೆ

"ನಿಮ್ಮ ಬರವಣಿಗೆಯ ಎರಡು-ಮೂರು ಮಾದರಿ ಕಳಿಸಿ." ಪತ್ರಿಕೆಯವರ ಈ ಒಂದು ಸಾಲು ಎಷ್ಟು ಜನರ ನಿದ್ದೆ ಕೆಡಿಸಿದೆಯೋ. ಬರೆದದ್ದು ರಾಶಿ ಇರುತ್ತದೆ, ಯಾವುದನ್ನು ಕಳಿಸೋದು ಅಂತ ಮಾತ್ರ ಹೊಳೆಯುವುದಿಲ್ಲ.

ನಾನು ಮೊದಲ ಸಲ ಅರ್ಜಿ ಹಾಕಿದ್ದು ಒಂದು ಮಾಸಪತ್ರಿಕೆಗೆ. ಅವರು ಮೂರು ಕೇಳಿದ್ದರು, ನಾನು ಹನ್ನೊಂದು ಕಳಿಸಿದೆ. ಅದರಲ್ಲಿ ನಾಲ್ಕು ಕವನ, ಕಾಲೇಜಿನ ವಾರ್ಷಿಕ ಸಂಚಿಕೆಯ ಒಂದು ಪ್ರಬಂಧ, ಓದುಗರ ಪತ್ರದ ಅಂಕಣದಲ್ಲಿ ಬಂದಿದ್ದ ಎರಡು ಕಾಗದ. ಅವರಿಗೆ ಬೇಕಿದ್ದದ್ದು ಊರೂರು ಸುತ್ತಿ ನುಡಿಚಿತ್ರ ಬರೆಯುವವರು. ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅರ್ಥವಾಗಿದ್ದು ಮುಂದೆ ನಾನೇ ಒಂದು ವಾರಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಬರಹಗಳನ್ನು ಆರಿಸಿ ತಿದ್ದುವ ವಿಭಾಗದಲ್ಲಿ ಕೂತಾಗ. ಸಂಚಿಕೆ ಪ್ರಿಂಟಿಗೆ ಹೋಗುವ ಹಿಂದಿನ ಸಂಜೆ, ಕೈಯಲ್ಲಿ ಆರಿದ ಟೀ, ಎದುರಿಗೆ ಸಾಲು ಸಾಲು ಮೇಲ್. ಮೊದಲ ಫೈಲ್ ತೆರೆದು ಮೊದಲ ಪ್ಯಾರಾ ಓದುತ್ತಿದ್ದೆ. ಹಿಡಿಸಿದರೆ ಮುಂದಕ್ಕೆ, ಇಲ್ಲದಿದ್ದರೆ ಇನ್ನೊಬ್ಬರ ಮೇಲ್. ಎರಡನೇ ಫೈಲ್ ತನಕ ಹೋಗಿದ್ದೇ ಅಪರೂಪ. ಹನ್ನೊಂದನೆಯದನ್ನಂತೂ ಯಾರದ್ದೂ ತೆರೆದಿಲ್ಲ.

ಆ ಕುರ್ಚಿಯಲ್ಲಿ ಕೂತವರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ. ಇವರಿಗೆ ಮುಂದಿನ ವಾರ ಎರಡು ಪುಟ ಕೊಟ್ಟರೆ ನನ್ನ ಕೆಲಸ ಕಡಿಮೆಯಾಗುತ್ತದೋ, ಜಾಸ್ತಿಯಾಗುತ್ತದೋ? ಸಾಹಿತ್ಯದಲ್ಲಿ ನಿಮ್ಮ ಸ್ಥಾನ ಯಾವುದು ಅಂತ ಅವರು ಅಳೆಯುತ್ತಿಲ್ಲ. ಮಾದರಿ ಆ ಪ್ರಶ್ನೆಗೆ ಉತ್ತರ ಕೊಡಬೇಕು, ಅಷ್ಟೇ.

1. ಮೊದಲು ಪತ್ರಿಕೆ ಓದಿ, ಪೆನ್ನು ಹಿಡಿದು

ನಿಮ್ಮ ಕಂಪ್ಯೂಟರಿನ ಫೋಲ್ಡರ್ ಆಮೇಲೆ ತೆಗೆಯಿರಿ. ಮೊದಲು ಆ ಪತ್ರಿಕೆಯ ನಾಲ್ಕು ಸಂಚಿಕೆ ತನ್ನಿ. ಹಳೆಯವೂ ಆದೀತು, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗುತ್ತವೆ.

ಕನ್ನಡದ ಪತ್ರಿಕೆಗಳೆಲ್ಲ ಒಂದೇ ಥರ ಅನ್ನಿಸಬಹುದು. ಹಾಗಿಲ್ಲ. 1965ರಲ್ಲಿ ಶುರುವಾದ ಸುಧಾ, 1983ರಲ್ಲಿ ಮಣಿಪಾಲದಿಂದ ಬಂದ ತರಂಗ, ಇವು ಮನೆಮಂದಿಯೆಲ್ಲ ಓದುವ ವಾರಪತ್ರಿಕೆಯ ಜಾತಿ. ಮಯೂರ, ತುಷಾರ ಮಾಸಪತ್ರಿಕೆಗಳು, ಅಲ್ಲಿ ಕಥೆ, ಸಾಹಿತ್ಯಕ್ಕೆ ಜಾಗ ಜಾಸ್ತಿ. 1956ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಕಸ್ತೂರಿ ಡೈಜೆಸ್ಟ್ ಮಾದರಿಯದು, ಅಂದರೆ ನಾನಾ ವಿಷಯದ ಬರಹಗಳನ್ನು ಸಂಗ್ರಹಿಸಿ ಕೊಡುವಂಥದ್ದು. ಪುತ್ತೂರಿನ ಅಡಿಕೆ ಪತ್ರಿಕೆಯ ದಾರಿಯೇ ಬೇರೆ. 1988ರಲ್ಲಿ ಶುರುವಾದಾಗಿನಿಂದ ಅದು ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ. ಅಲ್ಲಿಗೆ "ಹಸಿರು ಸಿರಿಯ ಮಡಿಲಲ್ಲಿ" ಅಂತ ಶುರುವಾಗುವ ಮಾದರಿ ಕಳಿಸಿದರೆ ಏನು ಪ್ರಯೋಜನ? ಎಷ್ಟು ಅಡಿ ಅಂತರ, ಗಿಡಕ್ಕೆ ಎಷ್ಟು ನೀರು, ಖರ್ಚು ಎಷ್ಟು, ಮೊದಲ ಎರಡು ವರ್ಷ ಯಾಕೆ ನಷ್ಟವಾಯಿತು ಅಂತ ಬರೆದ ಒಂದು ಪುಟ ಅಲ್ಲಿ ಹತ್ತು ಪಟ್ಟು ತೂಗುತ್ತದೆ.

ಸಂಚಿಕೆ ಮುಂದಿಟ್ಟುಕೊಂಡು ಮೂರು ಸಂಗತಿ ಬರೆದುಕೊಳ್ಳಿ.

ಒಂದು, ಯಾವ ಪುಟಗಳನ್ನು ಹೊರಗಿನವರು ಬರೆಯುತ್ತಿದ್ದಾರೆ? ಪ್ರತಿ ಸಂಚಿಕೆಯಲ್ಲೂ ಅದದೇ ಹೆಸರು ಬಂದರೆ ಅದು ಅಂಕಣ, ಇಲ್ಲವೇ ಸಿಬ್ಬಂದಿಯ ಪುಟ. ಹೆಸರು ಬದಲಾಗುತ್ತಾ ಹೋಗುವ ಪುಟವೇ ನಿಮ್ಮ ಬಾಗಿಲು.

ಎರಡು, ಆ ಪುಟದ ಲೇಖನ ಎಷ್ಟು ಉದ್ದ? ಒಂದು ಕಾಲಂನಲ್ಲಿ ಹತ್ತು ಸಾಲಿನ ಪದ ಎಣಿಸಿ, ಹತ್ತರಿಂದ ಭಾಗಿಸಿ, ಬಂದದ್ದನ್ನು ಲೇಖನದ ಒಟ್ಟು ಸಾಲುಗಳಿಗೆ ಗುಣಿಸಿ. ಇಂಗ್ಲಿಷಿನ ಲೆಕ್ಕ ಇಲ್ಲಿ ಹಿಡಿಯಬೇಡಿ. ನಮ್ಮಲ್ಲಿ "ಮನೆಯಲ್ಲಿದ್ದವರಿಗೂ" ಅನ್ನುವುದು ಒಂದೇ ಪದ. ಇಂಗ್ಲಿಷಿನ ಸಾವಿರ ಪದದಷ್ಟು ಸಂಗತಿ ಕನ್ನಡದಲ್ಲಿ ಸಾವಿರಕ್ಕಿಂತ ಸಾಕಷ್ಟು ಕಡಿಮೆ ಪದದಲ್ಲಿ ಮುಗಿಯುತ್ತದೆ.

ಮೂರು, ಭಾಷೆ. "ಅವರು ಹೇಳುತ್ತಾರೆ" ಅಂತ ಬರೆಯುತ್ತಾರೋ, "ಅನ್ನುತ್ತಾರೆ ಅವರು" ಅಂತಲೋ? ಆಡುಮಾತು ಒಳಗೆ ಬರುತ್ತದೋ? "ನಾನು" ಅನ್ನುವ ಲೇಖಕ ಕಾಣಿಸುತ್ತಾನೋ, ಮರೆಯಲ್ಲಿರುತ್ತಾನೋ?

ಇಷ್ಟಕ್ಕೆ ಒಂದು ಭಾನುವಾರ ಬೇಕು. ಜನ ಬಿಟ್ಟುಬಿಡುವುದು ಇದನ್ನೇ.

2. ಬರೆದದ್ದನ್ನೆಲ್ಲ ಒಂದು ಹಾಳೆಗೆ ತನ್ನಿ

ಈಗ ನಿಮ್ಮ ಸರಕು. ಪ್ರಕಟವಾದದ್ದು, ಆಗದ್ದು, ಅರ್ಧ ಬರೆದದ್ದು ಎಲ್ಲದರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ವಿಷಯ, ಪದಗಳ ಸಂಖ್ಯೆ, ಎಲ್ಲಿ ಯಾವಾಗ ಬಂತು, ಎಷ್ಟು ಜನರ ಹತ್ತಿರ ಮಾತಾಡಿ ಬರೆದದ್ದು. ಕೊನೆಯ ಕಾಲಂ ಮುಖ್ಯ. ಅಲ್ಲಿ ಸೊನ್ನೆ ಇರುವ ಬರಹಗಳೇ ಜಾಸ್ತಿ ಇದ್ದರೆ ನೀವು ಕುರ್ಚಿ ಬಿಟ್ಟು ಏಳದೆ ಬರೆಯುತ್ತಿದ್ದೀರಿ ಅಂತಾಯಿತು. ಸಂಪಾದಕರಿಗೂ ಅದು ಕಾಣುತ್ತದೆ.

3. ಏನನ್ನು ಕೈಬಿಡಬೇಕು

ಆರಿಸುವುದಕ್ಕಿಂತ ಬಿಡುವುದು ಸುಲಭ, ಅದರಿಂದಲೇ ಶುರು ಮಾಡಿ.

ಕಾರ್ಯಕ್ರಮದ ವರದಿಗಳು ಬೇಡ. "ಅಧ್ಯಕ್ಷತೆ ವಹಿಸಿದ್ದರು, ಸ್ವಾಗತಿಸಿದರು, ವಂದಿಸಿದರು" ಅಂತ ಮುಗಿಯುವ ನೂರು ವರದಿ ನೀವು ಬರೆದಿರಬಹುದು. ಜಿಲ್ಲಾ ಪತ್ರಿಕೆಗೆ ಅದು ಬೇಕಾದ ಕೆಲಸವೇ. ಆದರೆ ಅದರಲ್ಲಿ ನೀವು ಕಾಣುವುದಿಲ್ಲ. ಕವನ ಬೇಡ, ಕವನವನ್ನೇ ಕೇಳಿದ್ದರೆ ಬಿಟ್ಟು. ಪ್ರಶಸ್ತಿ ಪತ್ರ, ಸನ್ಮಾನದ ಫೋಟೋ ಬೇಡ. ಅಭಿಪ್ರಾಯದ ಲೇಖನ, ಅಂದರೆ "ಯುವಜನತೆ ಎತ್ತ ಸಾಗುತ್ತಿದೆ" ಥರದ್ದು, ಒಂದೂ ಬೇಡ. ಸಂಘ-ಸಂಸ್ಥೆಯವರು ಕಳಿಸುವ ಪತ್ರಿಕಾ ಪ್ರಕಟಣೆಯನ್ನು ತಿರುಗಿಸಿ ಬರೆದದ್ದು ಬೇಡ. ಐದು ವರ್ಷಕ್ಕಿಂತ ಹಳೆಯದು, ಅಷ್ಟೊಂದು ಗಟ್ಟಿ ಇಲ್ಲದಿದ್ದರೆ, ಬೇಡ. ಯಾಕೆಂದರೆ ಆಗಿನಿಂದ ಏನು ಮಾಡುತ್ತಿದ್ದಿರಿ ಅನ್ನುವ ಪ್ರಶ್ನೆ ಏಳುತ್ತದೆ.

ಫೇಸ್‌ಬುಕ್ ಪೋಸ್ಟ್? ಇದಕ್ಕೆ ನನ್ನ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಲಿಂಕ್ ಕಳಿಸಬೇಡಿ. ಪೋಸ್ಟಿನ ಕೆಳಗೆ ನಿಮ್ಮ ಚಿಕ್ಕಮ್ಮನ "ಸೂಪರ್ ಪುಟ್ಟಾ" ಕೂಡ ಕಾಣುತ್ತದಲ್ವಾ. ಆದರೆ ಪೋಸ್ಟಿನೊಳಗೆ ನಿಜಕ್ಕೂ ಒಂದು ಕಥೆ ಇದ್ದರೆ ಅದನ್ನು ತೆಗೆದು, ಇಬ್ಬರ ಹತ್ತಿರ ಮಾತಾಡಿ, ಲೇಖನವಾಗಿ ಬೆಳೆಸಿ ಕಳಿಸಬಹುದು.

4. ಉಳಿದದ್ದರಲ್ಲಿ ಮೂರು

ನಮಗೆ ಪ್ರೀತಿಯ ಬರಹ ಒಂದಿರುತ್ತದೆ. ಅಜ್ಜಿಯ ಬಗ್ಗೆ ಬರೆದದ್ದು, ಓದಿದವರೆಲ್ಲ ಅತ್ತಿದ್ದು. ಅದನ್ನು ಪಕ್ಕಕ್ಕಿಡಿ. ಒಳ್ಳೆಯ ಬರಹಕ್ಕಿಂತ ಹತ್ತಿರದ ಬರಹ ಗೆಲ್ಲುತ್ತದೆ. ಆಹಾರದ ಪುಟಕ್ಕೆ ಬರಹಗಾರರು ಬೇಕು ಅಂತ ಕೇಳಿದವರಿಗೆ ನಿಮ್ಮ ಸಾಧಾರಣ ಆಹಾರ ಲೇಖನ ಸಾಕು, ಅದ್ಭುತವಾದ ಕ್ರಿಕೆಟ್ ಲೇಖನ ಬೇಡ.

ಮೂರರ ಜೋಡಣೆ ನಾನು ಹೀಗೆ ಮಾಡುತ್ತೇನೆ. ಮೊದಲನೆಯದು ಅವರ ಪುಟಕ್ಕೆ ನೇರವಾಗಿ ಕೂರುವಂಥದ್ದು. ಅದೇ ಉದ್ದ, ಅದೇ ಬಗೆ. ಎರಡನೆಯದು ಓಡಾಡಿ ಬರೆದದ್ದು. ಜನ ಮಾತಾಡಿರಬೇಕು, ಅಂಕಿ ಇರಬೇಕು, ಊರಿನ ವಾಸನೆ ಬರಬೇಕು. ಮೂರನೆಯದು ಚಿಕ್ಕದು, 300 ಪದದ ಒಳಗಿನದು. ಸಂದರ್ಶನದ ತುಣುಕೋ, ಚೌಕಟ್ಟಿನೊಳಗೆ ಹಾಕುವ ಬಾಕ್ಸ್ ಐಟಮೋ, ಪುಸ್ತಕದ ಪರಿಚಯವೋ. ಚಿಕ್ಕದಾಗಿ ಬರೆಯಬಲ್ಲವರು ಡೆಸ್ಕಿಗೆ ಎಷ್ಟು ಬೇಕು ಅಂತ ಹೊರಗಿನವರಿಗೆ ಗೊತ್ತಿಲ್ಲ. ಜಾಹೀರಾತು ಕೊನೇ ಗಳಿಗೆಯಲ್ಲಿ ರದ್ದಾಗಿ ಕಾಲು ಪುಟ ಖಾಲಿ ಬಿದ್ದಾಗ ನಾನು ಫೋನ್ ಮಾಡುತ್ತಿದ್ದದ್ದು ಅಂಥವರಿಗೇ.

ಎರಡೇ ಗಟ್ಟಿ ಇದ್ದರೆ ಎರಡೇ ಕಳಿಸಿ. ಮೂರನೆಯದು ಸಡಿಲವಾಗಿದ್ದರೆ ಮೊದಲಿನ ಎರಡನ್ನೂ ಕೆಳಗೆಳೆಯುತ್ತದೆ.

ಅನುವಾದದ ಕೆಲಸವೂ ಇದ್ದರೆ ಮೂಲದ ಒಂದು ಪುಟ, ನಿಮ್ಮ ಕನ್ನಡದ ಒಂದು ಪುಟ, ಎರಡನ್ನೂ ಒಟ್ಟಿಗೆ ಕೊಡಿ. ಮೂಲ ಇಲ್ಲದ ಅನುವಾದವನ್ನು ಯಾರೂ ಅಳೆಯಲಾರರು.

5. ಮೊದಲ ಪ್ಯಾರಾ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಆರಿಸಿದ ಮೂರನ್ನೂ ಪ್ರಿಂಟ್ ತೆಗೆದು, ಮೊದಲ ಪ್ಯಾರಾ ಬಿಟ್ಟು ಉಳಿದದ್ದನ್ನು ಇನ್ನೊಂದು ಹಾಳೆಯಿಂದ ಮುಚ್ಚಿ. ಓದುವವರು ಅಷ್ಟೇ ನೋಡಿ ಬಿಟ್ಟರೆ ಅಂತ ಅಂದುಕೊಳ್ಳಿ.

ಬ್ಯಾಡಗಿ ಮೆಣಸಿನಕಾಯಿಯ ಮೇಲೆ ನಾನು ಬರೆದ ಒಂದು ಹಳೆಯ ಲೇಖನ ಹೀಗೆ ಶುರುವಾಗುತ್ತಿತ್ತು:

"ಮೆಣಸಿನಕಾಯಿ ಇಲ್ಲದ ಅಡುಗೆಯನ್ನು ಊಹಿಸಲು ಸಾಧ್ಯವೇ? ಅನಾದಿ ಕಾಲದಿಂದಲೂ ಭಾರತೀಯರ ಅಡುಗೆಮನೆಯಲ್ಲಿ ಮೆಣಸಿನಕಾಯಿಗೆ ವಿಶಿಷ್ಟ ಸ್ಥಾನವಿದೆ. ಅಂತಹ ಮೆಣಸಿನಕಾಯಿಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಒಂದು."

ಮೂರು ವಾಕ್ಯ, ಮೂರೂ ದಂಡ. ಮೊದಲನೆಯದು ಯಾರೂ ಕೇಳದ ಪ್ರಶ್ನೆ. ಮೂರನೆಯದು ಶಾಲೆಯ ಪ್ರಬಂಧದಿಂದ ಎದ್ದು ಬಂದಂತಿದೆ. ನಡುವಿನದು ತಪ್ಪೇ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ನಮ್ಮಲ್ಲಿಗೆ ಪೋರ್ಚುಗೀಸರ ಜೊತೆ ಬಂದದ್ದು. ಅದಕ್ಕೂ ಮುಂಚೆ ನಮ್ಮ ಖಾರ ಹೆಚ್ಚಾಗಿ ಕರಿಮೆಣಸಿನದು. ಎಚ್ಚರದ ಉಪಸಂಪಾದಕರು "ಅನಾದಿ ಕಾಲ" ಕಂಡ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಇಂಥ ಒಂದು ತಪ್ಪು ಇದ್ದರೆ ಉಳಿದ ಅಂಕಿಗಳನ್ನೂ ತಾವೇ ಪರೀಕ್ಷೆ ಮಾಡಬೇಕಲ್ಲ ಅಂತ ಅವರ ಹೊಟ್ಟೆ ಕಲಸುತ್ತದೆ.

ಅದೇ ಲೇಖನದ ನಾಲ್ಕನೇ ಪ್ಯಾರಾದಲ್ಲಿ ಇದಿತ್ತು:

"ಮಾರುಕಟ್ಟೆಯ ಒಳಗೆ ಕಾಲಿಟ್ಟರೆ ಮೊದಲು ಬರುವುದು ಸೀನು. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡೇ ಚೀಲ ಹೊರುತ್ತಾರೆ. ಖರೀದಿಗೆ ಬಂದವರು ಕಾಯಿಯನ್ನು ಮುರಿದು ಬೆಳಕಿಗೆ ಹಿಡಿಯುತ್ತಾರೆ, ಬಾಯಿಗೆ ಹಾಕುವುದಿಲ್ಲ. ಇಲ್ಲಿ ದುಡ್ಡು ಸಿಗುವುದು ಖಾರಕ್ಕಲ್ಲ, ಬಣ್ಣಕ್ಕೆ."

ಕಣ್ಣಿಗೆ ಕಾಣುತ್ತದೆ, ಮೂಗಿಗೂ ತಾಗುತ್ತದೆ. ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಜಾಸ್ತಿ. ಅದರಿಂದ ತೆಗೆಯುವ ಓಲಿಯೊರೆಸಿನ್ ಅನ್ನುವ ಎಣ್ಣೆಯಂಥ ಗಟ್ಟಿ ಸಾರ ಆಹಾರದ ಬಣ್ಣಕ್ಕೂ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಈ ಕಾಯಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಈ ವಿವರಗಳೆಲ್ಲ ಆ ಪ್ಯಾರಾದ ಹಿಂದೆ ಸರಾಗವಾಗಿ ಬರುತ್ತವೆ. ಅಂದರೆ ನನ್ನ ಲೇಖನ ನಿಜವಾಗಿ ಶುರುವಾಗುತ್ತಿದ್ದದ್ದು ನಾಲ್ಕನೇ ಪ್ಯಾರಾದಲ್ಲಿ. ಮೊದಲಿನ ಮೂರು ಬರೀ ಗಂಟಲು ಸರಿಮಾಡಿಕೊಂಡದ್ದು.

ನಿಮ್ಮ ಬರಹಗಳಲ್ಲೂ ಹೀಗೇ ಹುಡುಕಿ. ಸುಮಾರು ಬರಹಗಳಲ್ಲಿ ಎರಡನೇ ಇಲ್ಲವೇ ಮೂರನೇ ಪ್ಯಾರಾದಲ್ಲಿ ಬಾಗಿಲು ಸಿಗುತ್ತದೆ. ಅಪ್ರಕಟಿತ ಬರಹವಾದರೆ ಮೇಲಿನದನ್ನು ಕತ್ತರಿಸಿ ಬಿಸಾಡಿ. ಪ್ರಕಟವಾದದ್ದನ್ನು ಮಾತ್ರ ಮುಟ್ಟುವ ಹಾಗಿಲ್ಲ. ಬಂದದ್ದು ಒಂದು, ತೋರಿಸಿದ್ದು ಇನ್ನೊಂದು ಆಗಬಾರದು. ಶುರು ಕೆಟ್ಟಿದ್ದರೆ ಬೇರೆ ಲೇಖನ ಆರಿಸಿ, ಇಲ್ಲವೇ "ಪ್ರಕಟವಾದ ಲೇಖನವನ್ನು ಆಮೇಲೆ ತಿದ್ದಿದ ಪ್ರತಿ" ಅಂತ ಮೇಲೆಯೇ ಬರೆದು ಕಳಿಸಿ.

ಜೊತೆಗೆ ಕಾಗುಣಿತ. ಶುಭಾಷಯ, ವಿಷೇಶ, ಹಾರ್ಧಿಕ, ಈ ಮೂರರಲ್ಲಿ ಒಂದು ಕಂಡರೂ ಕೆಲವರು ಫೈಲ್ ಮುಚ್ಚುತ್ತಾರೆ. ಅದು ಶುಭಾಶಯ, ವಿಶೇಷ, ಹಾರ್ದಿಕ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಕೀಬೋರ್ಡ್ ತಾನೇ ಪದ ತುಂಬಿಸುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗಟ್ಟಿಯಾಗಿ ಓದಿಸಿ ಕೇಳಿ. ಮನೆಯಲ್ಲಿ ನಿಮ್ಮ ತಪ್ಪು ಹುಡುಕಲು ಕಾಯುತ್ತಿರುವವರು ಒಬ್ಬರಾದರೂ ಇರುತ್ತಾರಲ್ಲ, ಅವರ ಕೈಗೆ ಕೊಡಿ.

6. ಪ್ರಕಟವಾದದ್ದು ಒಂದೂ ಇಲ್ಲವೇ?

ಹೆದರಬೇಡಿ. ಮಾದರಿ ಅಂದರೆ ಅಚ್ಚಾದದ್ದೇ ಆಗಬೇಕು ಅಂತ ಎಲ್ಲೂ ಇಲ್ಲ, ಜಾಹೀರಾತಿನಲ್ಲೇ ಹಾಗೆ ಕೇಳಿದ್ದರೆ ಬಿಟ್ಟು. ಅಚ್ಚಾದ ಲೇಖನದಲ್ಲಿ ಉಪಸಂಪಾದಕರ ಕೈ ಎಷ್ಟಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅದು ಡೆಸ್ಕಿನವರಿಗೂ ಗೊತ್ತು. ಅಪ್ರಕಟಿತ ಪ್ರತಿಯಲ್ಲಿ ನೀವು ನೀವೇ.

ಹಾಗಾಗಿ ಹೊಸದೊಂದನ್ನು ಬರೆಯಿರಿ, ಆ ಪತ್ರಿಕೆಯ ಆ ಪುಟಕ್ಕೆಂದೇ. ದೂರ ಹೋಗಬೇಕಿಲ್ಲ. ನಿಮ್ಮ ಬೀದಿಯಲ್ಲಿ ಕೊಡೆ ರಿಪೇರಿ ಮಾಡುವವರು ಬೇಸಿಗೆಯಲ್ಲಿ ಏನು ಮಾಡುತ್ತಾರೆ? ಊರ ಸಂತೆಯಲ್ಲಿ ಅವರೆಕಾಯಿ ಬೆಲೆ ಬೆಳಿಗ್ಗೆ ಎಷ್ಟು, ಮಳೆ ಬಂದ ಮೇಲೆ ಎಷ್ಟು? ನಿಮ್ಮ ತಾಲ್ಲೂಕಿನಲ್ಲಿ ಇನ್ನೂ ಓಡುತ್ತಿರುವ ಟೆಂಟ್ ನಾಟಕ ಕಂಪನಿ, ಅದರ ಅಡುಗೆಯವರು. ಮೂವರ ಹತ್ತಿರ ಮಾತಾಡಿ, ಅದರಲ್ಲಿ ಒಬ್ಬರಾದರೂ ನಿಮ್ಮ ನೆಂಟರಲ್ಲದವರಿರಲಿ. ಒಂದು ದಿನ ಅಲ್ಲೇ ಇರಿ. 800 ಪದ ಬರೆದು ವಾರ ಬಿಟ್ಟು ಓದಿ, 650ಕ್ಕೆ ಇಳಿಸಿ.

ಮೇಲೆ "ಅಪ್ರಕಟಿತ" ಅಂತ ಸ್ಪಷ್ಟವಾಗಿ ಹಾಕಿ. ಒಂದು ಲಾಭವೂ ಇದೆ: ಮಾದರಿಯೇ ಹಿಡಿಸಿ ಅದನ್ನೇ ಪ್ರಕಟಿಸುತ್ತೇವೆ ಅಂದ ಉದಾಹರಣೆಗಳನ್ನು ನಾನು ಡೆಸ್ಕಿನಲ್ಲಿ ಕಂಡಿದ್ದೇನೆ. ಆದರೆ ಒಂದೇ ಅಪ್ರಕಟಿತ ಲೇಖನವನ್ನು ಒಂದೇ ಹೊತ್ತಿಗೆ ಐದು ಕಡೆ ಪ್ರಕಟಣೆಗೆ ಅಂತ ಕಳಿಸಬೇಡಿ. ಒಂದೇ ವಾರ ಎರಡು ಪತ್ರಿಕೆಯಲ್ಲಿ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ.

7. ಯಾರದ್ದು ಈ ಬರಹ?

ಇಬ್ಬರು ಸೇರಿ ಬರೆದದ್ದಾದರೆ ನಿಮ್ಮ ಪಾಲು ಎಷ್ಟು ಅಂತ ಹೇಳಿ. ಬೇರೆಯವರ ಹೆಸರಿನಲ್ಲಿ ಬರೆದುಕೊಟ್ಟದ್ದನ್ನು ಅವರ ಒಪ್ಪಿಗೆ ಇಲ್ಲದೆ ತೋರಿಸಬೇಡಿ. ಕಂಪನಿಗಳಿಗೆ ಕಂಟೆಂಟ್ ಬರೆದಿದ್ದರೆ ಒಪ್ಪಂದದ ಕಾಗದವನ್ನು ಇನ್ನೊಮ್ಮೆ ಓದಿ, ಗೋಪ್ಯತೆಯ ಷರತ್ತು ಇರುತ್ತದೆ.

ಹಕ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ನೌಕರಿಯಲ್ಲಿಲ್ಲದೆ ಹೊರಗಿನಿಂದ ಬರೆದ ಲೇಖನದ ಹಕ್ಕು ಬರೆದವರದ್ದೇ. ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ ಸಹಿಯೊಂದಿಗೆ ಆಗಬೇಕು. ಸಿಬ್ಬಂದಿಯಾಗಿದ್ದಾಗ ಬರೆದದ್ದರ ಲೆಕ್ಕ ಬೇರೆ. ಎರಡೂ ಸಂದರ್ಭದಲ್ಲಿ, ನಿಮ್ಮ ಹೆಸರಿನಲ್ಲಿ ಬಂದ ಲೇಖನದ ಕಟಿಂಗನ್ನು ಕೆಲಸಕ್ಕಾಗಿ ತೋರಿಸುವುದು ಎಲ್ಲರೂ ಮಾಡುವುದೇ.

ಚಾಟ್‌ಜಿಪಿಟಿಯಿಂದ ಬರೆಸಿದ್ದನ್ನು ನಿಮ್ಮ ಮಾದರಿ ಅಂತ ಕಳಿಸಿದರೆ ಏನಾಗುತ್ತದೆ ಗೊತ್ತಾ? ಕೆಲಸ ಸಿಗಲೂಬಹುದು. ಮುಂದಿನ ವಾರ ಹಾವೇರಿಗೆ ಹೋಗಿ ಬನ್ನಿ ಅಂದಾಗ ಹೋಗಬೇಕಾದವರು ಮಾತ್ರ ನೀವು.

8. ಫೈಲ್: ನುಡಿ, ಯೂನಿಕೋಡ್ ಮತ್ತು ನನ್ನ ಗೋಳು

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ತಲೆನೋವು ಇದು. ಒಮ್ಮೆ ಒಂದು ಪತ್ರಿಕೆಗೆ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಬಾಲ ಅಂಟಿಸಿದ ಗೊಜ್ಜು. "ನೀವು ಕಳಿಸಿದ್ದು ಯಾವ ಭಾಷೆ?" ಅಂತ ಒಂದು ಸಾಲಿನ ಉತ್ತರ ಬಂತು.

ಆಮೇಲೆ ಯೂನಿಕೋಡಿಗೆ, ಅಂದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ಸಂಕೇತಕ್ಕೆ ಪರಿವರ್ತಿಸಿದೆ. ಅಲ್ಲಿ ಇನ್ನೊಂದು ಎಡವಟ್ಟು. ಪರಿವರ್ತಕದಲ್ಲಿ ಅರ್ಕಾವತ್ತು ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ನೋಡದೆ ಕಳಿಸಿದ್ದೆ.

ಹಾಗಾಗಿ ನನ್ನ ಈಗಿನ ಕ್ರಮ ಇಷ್ಟು. ಪ್ರತಿ ಮಾದರಿಯನ್ನೂ ಎರಡು ರೂಪದಲ್ಲಿ ಇಡುತ್ತೇನೆ: ಒಂದು ಪಿಡಿಎಫ್, ಒಂದು ಯೂನಿಕೋಡ್ ವರ್ಡ್ ಫೈಲ್. ಕಳಿಸುವ ಮುಂಚೆ ನನಗೇ ಮೇಲ್ ಮಾಡಿಕೊಂಡು ಮೊಬೈಲಿನಲ್ಲಿ ತೆರೆದು ನೋಡುತ್ತೇನೆ. ಅಲ್ಲಿ ಸರಿಯಾಗಿ ಕಂಡರೆ ಬಹುಮಟ್ಟಿಗೆ ಎಲ್ಲ ಕಡೆ ಸರಿ. ಒತ್ತಕ್ಷರ, ಅರ್ಕಾವತ್ತು ಬಂದ ಕಡೆಯೆಲ್ಲ ಕಣ್ಣು ಹಾಯಿಸುತ್ತೇನೆ.

ಫೈಲಿನ ಹೆಸರು "ಲೇಖನ ಫೈನಲ್ ಹೊಸದು 2" ಅಂತ ಇರಬಾರದು. ನಿಮ್ಮ ಹೆಸರು, ಲೇಖನದ ಹೆಸರು, ಸಾಕು. ಜಿಪ್ ಮಾಡಬೇಡಿ. ಡ್ರೈವ್ ಲಿಂಕ್ ಕೊಟ್ಟರೆ ಯಾರು ಬೇಕಾದರೂ ತೆರೆಯುವ ಹಾಗೆ ಅನುಮತಿ ಬದಲಿಸಿ. ಅನುಮತಿ ಕೇಳುವ ಲಿಂಕನ್ನು ಆ ಸಂಜೆ ಯಾರೂ ಎರಡನೇ ಸಲ ಒತ್ತುವುದಿಲ್ಲ.

ಅಚ್ಚಾದ ಪುಟದ ಫೋಟೋ ತೆಗೆಯುವುದಾದರೆ ಹಗಲ ಬೆಳಕಿನಲ್ಲಿ, ಪುಟ ಚಪ್ಪಟೆ ಇಟ್ಟು, ಮೇಲಿನಿಂದ ನೇರವಾಗಿ ತೆಗೆಯಿರಿ. ಪತ್ರಿಕೆಯ ಹೆಸರು, ದಿನಾಂಕ, ನಿಮ್ಮ ಬೈಲೈನ್ (ಲೇಖನದ ಜೊತೆ ಅಚ್ಚಾದ ಹೆಸರು) ಕಾಣಬೇಕು. ಜಾಲತಾಣದಲ್ಲಿ ಬಂದದ್ದಾದರೆ ಬಂದ ದಿನವೇ ಪಿಡಿಎಫ್ ಮಾಡಿಟ್ಟುಕೊಳ್ಳಿ, ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲೂ ಉಳಿಸಿ. ತಾಣದ ವಿನ್ಯಾಸ ಬದಲಾದಾಗ ಹಳೆಯ ಲಿಂಕುಗಳು ಸದ್ದಿಲ್ಲದೆ ಸಾಯುತ್ತವೆ.

9. ಜೊತೆಗಿನ ಮೇಲ್

ಉದ್ದ ಬೇಡ. ನಾನು ಬರೆಯುವುದು ಸುಮಾರು ಹೀಗೆ:

"ಮಾನ್ಯರೇ, ನಿಮ್ಮ ಪತ್ರಿಕೆಯ ಊರು-ಊಟ ಪುಟಗಳಿಗೆ ಬರೆಯಲು ಆಸಕ್ತಿ ಇದೆ. ಮೂರು ಮಾದರಿ ಲಗತ್ತಿಸಿದ್ದೇನೆ.

ಬಣ್ಣಕ್ಕೆ ಬೆಲೆ ಕಟ್ಟುವ ಮಾರುಕಟ್ಟೆ: 850 ಪದ, ಪ್ರಕಟಿತ. ಎರಡು ದಿನ ಬ್ಯಾಡಗಿಯಲ್ಲಿದ್ದು ಬರೆದದ್ದು. ಫೋಟೋಗಳೂ ನನ್ನವೇ.

ಟೆಂಟಿನ ಹಿಂದಿನ ಒಲೆ: 650 ಪದ, ಅಪ್ರಕಟಿತ. ನಾಟಕ ಕಂಪನಿಯ ಅಡುಗೆಯವರ ಜೊತೆ ಒಂದು ದಿನ.

ಕೊಡೆ ರಿಪೇರಿ: 250 ಪದ, ಪ್ರಕಟಿತ. ಕಿರು ಸಂದರ್ಶನ.

ತಿಂಗಳಿಗೆ ಎರಡು ಲೇಖನ ಕೊಡಬಲ್ಲೆ. ಹುಬ್ಬಳ್ಳಿ ಸುತ್ತಮುತ್ತ ಓಡಾಡಬಲ್ಲೆ."

ಇಷ್ಟೇ. ಕೊನೆಯ ಎರಡು ಸಾಲನ್ನು ಜನ ಮರೆಯುತ್ತಾರೆ, ಸಂಪಾದಕರು ಹುಡುಕುವುದು ಅದನ್ನೇ. "ಬಾಲ್ಯದಿಂದಲೂ ನನಗೆ ಸಾಹಿತ್ಯದಲ್ಲಿ ಒಲವು" ಅನ್ನುವ ಸಾಲು ತೆಗೆದುಬಿಡಿ, ಎಲ್ಲರ ಮೇಲ್‌ನಲ್ಲೂ ಇರುತ್ತದೆ.

ಹೊತ್ತೂ ನೋಡಿಕೊಳ್ಳಿ. ಯುಗಾದಿ, ದೀಪಾವಳಿ ವಿಶೇಷಾಂಕದ ಕೆಲಸ ನಡೆಯುವಾಗ ಹೊಸಬರ ಮೇಲ್ ಕೆಳಗೆ ಇಳಿದುಹೋಗುತ್ತದೆ. ವಿಶೇಷಾಂಕದ ಸರಕನ್ನು ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಕೂಡಿಸುತ್ತಾರೆ, ಅದಕ್ಕೂ ಮುಂಚೆ ಕಳಿಸಿದರೆ ನಿಮ್ಮ ಹೆಸರೂ ಪಟ್ಟಿಯಲ್ಲಿರುತ್ತದೆ.

ಎರಡು-ಮೂರು ವಾರ ಉತ್ತರ ಇಲ್ಲದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಸುಮ್ನೆ ವಾಟ್ಸಾಪಿನಲ್ಲಿ ಬೆಳಿಗ್ಗೆ "ಶುಭೋದಯ ಸರ್" ಕಳಿಸುವುದು ಬೇಡ.

ಪರೀಕ್ಷೆಗೆ ಅಂತ ಒಂದು ಲೇಖನ ಬರೆದುಕೊಡಿ ಅಂದರೆ? ಕೇಳಿ: ಪ್ರಕಟಿಸಿದರೆ ಸಂಭಾವನೆ ಉಂಟಾ, ಎಷ್ಟು, ಯಾವಾಗ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಅದೂ ಒಂದು ಉತ್ತರವೇ. ಒಂದು ಚಿಕ್ಕ ಪುಕ್ಕಟೆ ಪರೀಕ್ಷೆಗೆ ನಾನು ಒಪ್ಪಿಕೊಂಡಿದ್ದಿದೆ, ಮೂರನೆಯದಕ್ಕೆ ಒಪ್ಪಿಲ್ಲ.

ಆ ಹಳೇ ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಯಾವ ಮಾದರಿ ಯಾರಿಗೆ ಹೋಯಿತು, ಏನು ಉತ್ತರ ಬಂತು. ಆರು ತಿಂಗಳ ನಂತರ ನನ್ನ ಹಾಳೆ ನೋಡಿದಾಗ, ಉತ್ತರ ಬಂದ ಐದರಲ್ಲಿ ನಾಲ್ಕು ಕಡೆ ಮೊದಲ ಫೈಲ್ ಮೆಣಸಿನಕಾಯಿಯದೇ ಆಗಿತ್ತು. ಅಜ್ಜಿಯ ಲೇಖನ ಇನ್ನೂ ನನ್ನ ಫೋಲ್ಡರಿನಲ್ಲೇ ಇದೆ.